ಅಣ್ಣನನ್ನು ಪ್ಯಾಡಿ ಎಂದವನು

ಲಂಡನ್ನಿನಲ್ಲಿ ರಸ್ತೆ ಅಗೆಯುತ್ತಿದ್ದ ನಮ್ಮಂಥ ಐರಿಷ್ ಆಳುಗಳಿಗೆಲ್ಲ ಇಂಗ್ಲಿಷರು ಇಟ್ಟದ್ದು ಒಂದೇ ಹೆಸರು, ಪ್ಯಾಡಿ. ನಮ್ಮ ಐರ್ಲೆಂಡಿನಲ್ಲಿ ಅದು ಪ್ಯಾಟ್ರಿಕ್ ಎಂಬ ಮಗನನ್ನು ತಾಯಿ ಮುದ್ದಿನಿಂದ ಕರೆಯುವ ಹೆಸರು. ಇಲ್ಲಿ ಅದಕ್ಕೆ ಕುಡುಕ, ದಡ್ಡ, ಎತ್ತಿನಂತೆ ದುಡಿಯುವವ ಎಂದೆಲ್ಲ ಅರ್ಥ. ನನ್ನ ಕೋಣೆಯಲ್ಲೇ ಇದ್ದ ಮೇಯೋ ಸೀಮೆಯ ಕೋಲ್ಮನ್ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಅವರ ಬಾಯಿ, ಅವರ ಹೊಲಸು. ನಮಗೇನೋ?" ಎನ್ನುತ್ತಿದ್ದ.

ತಮ್ಮ ಫಿಂಟನ್‌ನನ್ನು ಊರಿನಿಂದ ಕರೆಸಿಕೊಂಡು ಗುದ್ದಲಿ ಹಿಡಿಯಲು ಕಲಿಸಿದವನು ಈ ಕೋಲ್ಮನ್ನೇ. ಕೆಲವೇ ವರ್ಷಗಳಲ್ಲಿ ಫಿಂಟನ್ ನಮಗೆಲ್ಲ ಮೇಸ್ತ್ರಿಯಾದ. ಒಂದು ಬೆಳಿಗ್ಗೆ ಇಂಗ್ಲಿಷ್ ಇಂಜಿನಿಯರ್ ಪಕ್ಕದಲ್ಲಿ ನಿಂತಿದ್ದಾಗ, ಕುಸಿಯುವಂತಿದ್ದ ಗುಂಡಿಯೊಂದನ್ನು ತೋರಿಸಿ ಅಣ್ಣನಿಗೇ ಕೂಗಿದ.

"ಏ ಪ್ಯಾಡಿ! ಬಾಯ್ ಬಿಟ್ಕೊಂಡು ಏನ್ ನೋಡ್ತೀಯಾ? ಇಳಿಯೋ ಒಳಗೆ!"

ಇಂಜಿನಿಯರ್ ನಕ್ಕ. ಫಿಂಟನ್ನೂ ನಕ್ಕ. ಕೋಲ್ಮನ್ ಗುದ್ದಲಿ ಎತ್ತಿಕೊಂಡು ಇಳಿದ.

ಸಂಜೆ ಪಬ್ಬಿನಲ್ಲಿ ಫಿಂಟನ್ ಅಣ್ಣನ ಮುಂದೆ ಬಿಯರ್ ಲೋಟ ತಂದಿಟ್ಟ. "ಕೋಪಾನಾ ಅಣ್ಣಾ? ಹಾಗನ್ನದಿದ್ರೆ ಆ ಇಂಜಿನಿಯರ್ ನನ್ನನ್ನೂ ಪ್ಯಾಡಿ ಅಂತ ನಿಮ್ಮೆಲ್ಲರ ಜೊತೆಗೇ ಸೇರಿಸಿಬಿಡ್ತಿದ್ದ."

ಕೋಲ್ಮನ್ ಲೋಟವನ್ನು ಪಕ್ಕಕ್ಕೆ ಸರಿಸಿದ. "ಅಣ್ಣ ಯಾರು ಸ್ವಾಮಿ? ನಾನು ಪ್ಯಾಡಿ. ನಾಳೆ ಎಷ್ಟೊತ್ತಿಗೆ ಬರ್ಬೇಕು, ಅಷ್ಟು ಹೇಳಿ."

ಮುಂದೆ ತಾಯಿ ಸತ್ತಾಗ ಇಬ್ಬರೂ ಒಂದೇ ಹಡಗಿನಲ್ಲಿ ಊರಿಗೆ ಹೋದರು. ನಾನೂ ಜೊತೆಗಿದ್ದೆ. ಶವಪೆಟ್ಟಿಗೆಗೆ ಹೆಗಲು ಕೊಡುವಾಗ ಕೋಲ್ಮನ್ ತಮ್ಮನಿಗೆ ಒಂದೇ ಮಾತು ಹೇಳಿದ.

"ನೀವು ಮುಂದೆ ಹಿಡ್ಕೊಳ್ಳಿ, ಮೇಸ್ತ್ರಿಗಳೇ."