ಪೆಡಲಿನ ಕೆಳಗಿನ ಕಾಗದ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಮಾಲೂರು. ಹಾಜರಿದ್ದವರು ಮೂವರು: ಬ್ಯಾಟರಿ ಮತ್ತು ಸೆಲ್ಫ್ ಮೋಟಾರ್ ರಿಪೇರಿ ಮಾಡುವ ಮುನಿರತ್ನಂ, ಟ್ರ್ಯಾಕ್ಟರ್ ತಂದಿದ್ದ ಒಬ್ಬ ರೈತ, ಮತ್ತು ನಾನು. ಅವರ ಎದುರು ನಿಂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹತ್ತು ವರ್ಷದ ಹಿಂದೆ ನಮ್ಮ ಶಾಲೆಯ ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ಮತ್ತೆ ಕೆಡಿಸಿದವನು ನಾನು. ಅದರ ಕೆಟ್ಟ ಹೆಸರು ಮುನಿರತ್ನಂಗೆ ಬಂತು. ಬರಲಿ ಎಂದು ಸುಮ್ಮನಿದ್ದವನು ನಾನು — ಅಲ್ಲ, ಸುಮ್ಮನಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಒಂದು ಮಾತು ಆಡಿದೆ.

ಆ ಅಪವಾದ ಶ್ರೀನಿವಾಸಪುರದ ಮಾವಿನ ಮಂಡಿಯವರೆಗೆ ಹೋಗಿತ್ತು. ಈ ಬರಹವೂ ಅಷ್ಟು ದೂರ ಹೋಗಲಿ.

ನಾನು ಸೈನ್ಯದಿಂದ ಹವಲ್ದಾರನಾಗಿ ಬಿಡುಗಡೆಯಾಗಿ ಊರಿಗೆ ಬಂದಾಗ, ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ರಸ್ತೆಯಲ್ಲಿ ಒಂದು ವಸತಿ ಶಾಲೆ ಇತ್ತು. ಈಗ ಇಲ್ಲ. ಅಲ್ಲಿ ನನಗೆ ಮೈದಾನದ ಉಸ್ತುವಾರಿ ಸಿಕ್ಕಿತು. ವಿಶಾಲವಾದ ಮೈದಾನ, ಮಳೆ ಬಿದ್ದರೆ ಮೊಣಕಾಲುದ್ದ ಹುಲ್ಲು. ಸುತ್ತಲಿನ ಹೆಂಗಸರು ಕುಡುಗೋಲು ಹಿಡಿದು ಬಂದು ಕೊಯ್ದು ತಮ್ಮ ಹಸುಗಳಿಗೆ ಒಯ್ಯುತ್ತಿದ್ದರು. ನಾನು ಹೋದ ಮೇಲೆ ಅದಕ್ಕೊಂದು ಕ್ರಮ ತಂದೆ. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಪಟ್ಟಿ ಪಟ್ಟಿಯಾಗಿ ಹಂಚಿದೆ. ಆರೂವರೆಗೆ ಸಿಳ್ಳೆ ಊದಿದರೆ ಕೊಯ್ಲು ಶುರು, ಎಂಟಕ್ಕೆ ಮತ್ತೆ ಸಿಳ್ಳೆ, ಹೊರೆ ಎತ್ತಬೇಕು. ಮೊದಮೊದಲು ನಕ್ಕರು. ಆಮೇಲೆ ಜಗಳ ನಿಂತಿದ್ದು ನೋಡಿ ಅವರೇ ಸಾಲಾಗಿ ನಿಲ್ಲತೊಡಗಿದರು. ಗೇಟಿನ ಪಕ್ಕದ ಪಟ್ಟಿ ನಮ್ಮ ಮನೆಯ ಹಸುವಿಗೆ. ಅದನ್ನು ನನ್ನ ಹೆಂಡತಿ ಕೊಯ್ಯುತ್ತಿದ್ದಳು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಶಾಲೆಯ ದಾನಿಯೊಬ್ಬರು ಬೆಂಗಳೂರಿನಿಂದ ಒಂದು ಹಳೆಯ ಯಂತ್ರ ಕಳಿಸಿದರು. ಕೂತು ಓಡಿಸುವಂಥದ್ದು — ಪುಟ್ಟ ಟ್ರ್ಯಾಕ್ಟರಿನ ಹಾಗೆ, ಹೊಟ್ಟೆಯ ಕೆಳಗೆ ತಿರುಗುವ ಕತ್ತಿ. ಪ್ರಿನ್ಸಿಪಾಲರಿಗೆ ಬಹಳ ಸಂತೋಷವಾಯಿತು. ಓಡಿಸುವ ಕೆಲಸ ನನ್ನದೇ, ಕೀಲಿಯೂ ನನ್ನ ಹತ್ತಿರವೇ.

ಅದು ಕತ್ತರಿಸಿದ ಹುಲ್ಲನ್ನು ನುಚ್ಚಿನಂತೆ ಚೆಲ್ಲುತ್ತಿತ್ತು. ಗುಡಿಸಿ ಕೊಂಡುಹೋದರೂ ಪೆಟ್ರೋಲ್ ವಾಸನೆ. ಹೆಂಗಸರಲ್ಲಿ ಹಿರಿಯಳಾದ ಮುನಿಯಮ್ಮ ಗೇಟಿನಲ್ಲೇ ನಿಂತು ಹೇಳಿದಳು: “ಏನ್ ಹವಲ್ದಾರಪ್ಪಾ, ನಿನ್ ಗಾಡಿ ಕತ್ತರ್ಸಿದ್ ಹುಲ್ಲು ನಮ್ ಹಸ ಮೂಸಿ ನೋಡಿ ಸೀನ್ತದೆ. ನೀನೇ ಬಂದು ತಿನ್ಸು. ನಿನ್ ಸಿಳ್ಳೆಗಾದ್ರೂ ತಿಂತದೇನೋ.” ಎಲ್ಲರೂ ನಕ್ಕರು. ಮರುದಿನದಿಂದ ಯಾರೂ ಬರಲಿಲ್ಲ. ಆರೂವರೆಗೆ ಸಿಳ್ಳೆ ಊದಲು ಕಾರಣವೇ ಇರಲಿಲ್ಲ.

ಆ ಯಂತ್ರದ ಪೆಡಲನ್ನು ಪೂರ್ತಿ ತುಳಿದು ಕೀಲಿ ತಿರುಗಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಗೇರಿನಲ್ಲಿದ್ದಾಗ ಹಠಾತ್ತನೆ ಮುಂದೆ ನುಗ್ಗದಿರಲಿ ಎಂದು ಹಾಗೆ ಮಾಡಿದ್ದರು. ಪೆಡಲಿನ ಕೆಳಗೆ ಒಂದು ಚಿಕ್ಕ ಸ್ವಿಚ್ಚು. ಅದರ ಎರಡು ತಾಮ್ರದ ಪಟ್ಟಿಗಳು ಕೂಡಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿಗೆ ಕರೆಂಟು ಹೋಗುತ್ತದೆ. ನಡುವೆ ಒಂದು ಮಡಿಸಿದ ಕಾಗದ ಇಟ್ಟರೆ ಹೋಗುವುದಿಲ್ಲ. ಸೈನ್ಯದ ಗಾಡಿಗಳಲ್ಲಿ ಇಂಥ ಒಂದೊಂದು ಸ್ವಿಚ್ಚನ್ನೂ ಉಜ್ಜಿ ಬೆಳೆದವನು ನಾನು. ಒಂದು ಬೆಳಿಗ್ಗೆ ಕಾಗದ ಇಟ್ಟೆ. ಪ್ರಿನ್ಸಿಪಾಲರ ಎದುರೇ ಕೀಲಿ ತಿರುಗಿಸಿದೆ. ಟಕ್ ಎಂದೂ ಅನ್ನಲಿಲ್ಲ. “ಸರಿ, ಈ ವಾರ ಹೆಂಗಸರನ್ನೇ ಕರೆಸಿ” ಎಂದರು.

ಹೆಂಗಸರಿಗಾಗಿ ಮಾಡಿದೆ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಅದು ಅರ್ಧ. ಇನ್ನರ್ಧ — ನಮ್ಮ ಹಸು. ಮತ್ತು ಆ ಸಿಳ್ಳೆ. ಅದಕ್ಕೆ ಜನ ಎದ್ದು ನಿಲ್ಲುತ್ತಿದ್ದರಲ್ಲ, ಅದು.

ರಿಪೇರಿಗೆ ಮುನಿರತ್ನಂನನ್ನು ಕರೆಸಿದರು. ಆಗ ಅವನ ಅಂಗಡಿ ಶ್ರೀನಿವಾಸಪುರದಲ್ಲಿ, ಮಂಡಿಯ ಎದುರು. ಸೀಸನ್ನಿನಲ್ಲಿ ಮಾವು ತುಂಬಿದ ಲಾರಿ ಸ್ಟಾರ್ಟ್ ಆಗದಿದ್ದರೆ ಎಲ್ಲರ ಬಾಯಲ್ಲೂ ಅವನ ಹೆಸರೇ. ಶಾಲೆಯ ಬಸ್ಸು, ಜೀಪು ಕೂಡ ಅವನ ಕೈಯಲ್ಲೇ. ಬಾಯಿ ಜೋರು, ಅರ್ಧ ಕನ್ನಡ ಅರ್ಧ ತೆಲುಗು, ತನ್ನನ್ನು ತಾನೇ ಹೊಗಳಿಕೊಳ್ಳುವವನು. ಅವನು ಬರುವ ಸುದ್ದಿ ತಿಳಿದ ಕೂಡಲೇ ನಾನು ಕಾಗದ ತೆಗೆದುಬಿಡುತ್ತಿದ್ದೆ. ಇದ್ದರೆ, ಕರೆಂಟು ಎಲ್ಲಿಯವರೆಗೆ ಬರುತ್ತಿದೆ ಎಂದು ಹತ್ತಿ ತೋರಿಸುವ ಅವನ ಟೆಸ್ಟ್ ಬಲ್ಬು ಅದನ್ನು ಹಿಡಿದುಬಿಡುತ್ತಿತ್ತು. ಅವನು ಬಂದು ಕೀಲಿ ತಿರುಗಿಸಿದರೆ ಯಂತ್ರ ಮೊದಲ ಸಲಕ್ಕೇ ಗುಡುಗುತ್ತಿತ್ತು.

“ಚೂಸಾರಾ ಸಾರ್, ನೋಡಿದ್ರಾ, ನನ್ ಮುಖ ಕಂಡ್ರೆ ಸಾಕು” ಎಂದು ಮೊದಲ ಸಲ ನಕ್ಕ. ಎರಡನೆಯ ಸಲ ನಗಲಿಲ್ಲ. ಬ್ಯಾಟರಿಯ ಟರ್ಮಿನಲ್ ಉಜ್ಜಿದ, ಅರ್ತ್ ವೈರು ಬದಲಿಸಿದ. ಮೂರನೆಯ ಸಲ ಸೆಲ್ಫ್ ಮೋಟಾರನ್ನೇ ಬಿಚ್ಚಿ ಒಯ್ದು ಕಾರ್ಬನ್ ಬ್ರಷ್ ಹೊಸದು ಹಾಕಿ ತಂದ. ಅವನು ಹೋದ ವಾರದೊಳಗೆ ಯಂತ್ರ ಮತ್ತೆ ಮೂಕವಾಗುತ್ತಿತ್ತು. ಇಲ್ಲದ ರೋಗವನ್ನು ಅವನು ಹುಡುಕುತ್ತಿದ್ದ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದವನು ನಾನು.

ಒಂದು ಬೆಳಿಗ್ಗೆ ಅವನು ಕರೆಯದೆ ಬಂದ. ಜೀಪಿನ ಕೆಲಸವಿತ್ತಂತೆ. ನಾನು ಪೆಡಲಿನ ಕೆಳಗೆ ಬಗ್ಗಿದ್ದೆ, ಬೆರಳ ನಡುವೆ ಕಾಗದ. ಷೆಡ್ಡಿನ ಬಾಗಿಲಲ್ಲಿ ಅವನ ನೆರಳು ಬಿತ್ತು. ಅವನು ಕಾಗದ ನೋಡಿದ. ತಿರುಗಿ ಗೇಟಿನ ಕಡೆ ನೋಡಿದ. ಅಲ್ಲಿ ಹೆಂಗಸರು ಕುಡುಗೋಲು ಹಿಡಿದು ಸಿಳ್ಳೆಗೆ ಕಾಯುತ್ತಿದ್ದರು.  ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಕಾಗ್ದ ಹಾಕ್ಬೇಡಿ ಸಾರ್. ತೇವಕ್ಕೆ ಉಬ್ಬಿ ಹರ್ದು ಒಳಗೇ ಕೂತ್ಕೊಂಡ್ರೆ ನಿಮ್ಗೇ ತೆಗ್ಯಾಕಾಗಲ್ಲ. ಟ್ಯೂಬ್ ರಬ್ಬರ್ ಹಾಕಿ.”

ತನ್ನ ಚೀಲದಿಂದ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟ. ನಾನು ಏನೋ ಹೇಳಲು ಹೋದೆ — ಮುನಿರತ್ನಂ, ಇದು — “ನಂಗೇನ್ ಸಾರ್, ಗಾಡಿ ಕೆಟ್ಟಷ್ಟೂ ನಿಮ್ಮನೆ ಹಾಲಿನ್ ಟೀ ನಂಗೆ” ಎಂದು ಎದ್ದು ಹೋದ. ಆಮೇಲೆ ಕರೆದಾಗಲೆಲ್ಲ ಬಂದ. ಬಲ್ಬು ಹಿಡಿದು, ತಟ್ಟಿ, ತಲೆದೂಗಿ, ಬಹಳ ಗಂಭೀರವಾಗಿ ರಿಪೇರಿ ಮಾಡಿದಂತೆ ಮಾಡಿ, ಟೀ ಕುಡಿದು ಹೋದ. ಕೂಲಿ ಕೇಳಲಿಲ್ಲ. ನನ್ನ ಗುಟ್ಟನ್ನು ಅವನು ಅಷ್ಟು ಹಗುರವಾಗಿ ಹೊತ್ತುಕೊಂಡ.

ಪ್ರಿನ್ಸಿಪಾಲರು ದಡ್ಡರಲ್ಲ. ಒಂದು ಮಧ್ಯಾಹ್ನ ನನ್ನನ್ನು ಆಫೀಸಿಗೆ ಕರೆಸಿದರು. ಬಸ್ಸಿನ ಡ್ರೈವರ್ ಕೂಡ ಅಲ್ಲೇ ನಿಂತಿದ್ದ. “ಅವನು ಮುಟ್ಟಿದ್ರೆ ಸ್ಟಾರ್ಟ್ ಆಗುತ್ತೆ, ಹೋದ್ರೆ ನಿಲ್ಲುತ್ತೆ. ತಾನೇ ಏನೋ ಸಡಿಲ ಬಿಟ್ಟು ಹೋಗ್ತಾನೆ ಅನ್ಸುತ್ತೆ. ಬಸ್ಸಲ್ಲೂ ಇದೇ ಆಟ ಆಡ್ತಿರಬಹುದು. ನೀವು ಮಿಲಿಟರಿಯವರು, ಗಾಡಿ ಬಲ್ಲವರು. ಏನಂತೀರಿ?”

ಅಲ್ಲ ಎನ್ನಬಹುದಿತ್ತು. ನಾನೇ ಎನ್ನಬಹುದಿತ್ತು. ಏನೂ ಅನ್ನದೆಯೂ ಇರಬಹುದಿತ್ತು. ಆ ಟ್ಯೂಬಿನ ತುಂಡು ಆಗಲೂ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು — ಕೈ ಅದರ ಮೇಲೇ ಇತ್ತು.

“ಇರಬಹುದು ಸಾರ್” ಎಂದೆ.

ಅಷ್ಟೇ. ಬಸ್ಸು, ಜೀಪು ಅವನ ಕೈತಪ್ಪಿದವು. ಡ್ರೈವರ್ ಮಂಡಿಯಲ್ಲಿ ಹೇಳಿದ: ಹವಲ್ದಾರರೇ ಹೌದು ಅಂದರಂತೆ, ಅವನು ತಾನೇ ಕೆಡಿಸಿ ತಾನೇ ರಿಪೇರಿ ಮಾಡುತ್ತಾನಂತೆ. ಮುಂದಿನ ಸೀಸನ್ನಿಗೆ ಲಾರಿಯವರು ಮುಳಬಾಗಿಲಿನಿಂದ ಬೇರೆಯವನನ್ನು ಕರೆಸಿದರು. ಮುನಿರತ್ನಂ ಅಂಗಡಿ ಎತ್ತಿ, ಹೆಂಚು ಇಟ್ಟಿಗೆ ಸಾಗಿಸುವ ಲಾರಿಗಳನ್ನು ನಂಬಿ ಮಾಲೂರಿಗೆ ಹೋದ. ಕೊನೆಗೂ ಸರಿಹೋಗದ ಯಂತ್ರವನ್ನು ದಾನಿಗಳು ವಾಪಸ್ಸು ಒಯ್ದರು. ಮೈದಾನ ಮತ್ತೆ ಹೆಂಗಸರದಾಯಿತು, ಸಿಳ್ಳೆ ಮತ್ತೆ ನನ್ನದಾಯಿತು. ಆ ಹುಲ್ಲಿನ ಹಾಲು ಕುಡಿದು ನನ್ನ ಮಕ್ಕಳು ಬೆಳೆದರು. ಇದಕ್ಕೆಲ್ಲ ನಾನು ಋಣಿ. ಯಾರಿಗೆ ಋಣಿ ಎಂಬುದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ಒಮ್ಮೆ ಅವನು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಅವನೇ ಓಡಿಬಂದು ಟೀ ಕೊಡಿಸಿದ. “ಹಸ ಹೆಂಗೈತೆ ಸಾರ್?” ಎಂದು ಕೇಳಿದ. ನಾನು ನಡುವೆ ಏನೋ ತೊದಲಿದೆ. ಅವನು ನನ್ನ ಕೈ ಅದುಮಿ, “ನೀವೊಬ್ರು ನನ್ ಪರ ಮಾತಾಡಿರ್ತೀರ. ನಂಗೊತ್ತು ಬಿಡಿ” ಎಂದ. ಡ್ರೈವರ್ ನನ್ನ ಹೆಸರು ಹೇಳಿದ್ದನ್ನು ಅವನು ನಂಬಿರಲೇ ಇಲ್ಲ. ಬಸ್ಸು ಬಂತು. ಹತ್ತಿದೆ. ಅವನ ಆ ನಂಬಿಕೆಯನ್ನೂ ಟೀಯ ಜೊತೆ ಕುಡಿದು ಬಂದುಬಿಟ್ಟೆ.

ಕಳೆದ ವಾರ ಮನೆಯಲ್ಲಿ ಹಳೆಯ ಟ್ರಂಕು ಒಪ್ಪ ಮಾಡುವಾಗ ಆ ರಬ್ಬರ್ ತುಂಡು ಸಿಕ್ಕಿತು. ಬಿರುಕು ಬಿಟ್ಟಿತ್ತು. ಗುರುವಾರ ಮೊದಲ ಬಸ್ಸಿಗೆ ಮಾಲೂರಿಗೆ ಹೊರಟೆ.

ಅವನು ಟ್ರ್ಯಾಕ್ಟರಿನ ಪಕ್ಕ ಕೂತಿದ್ದ. ತಲೆ ಪೂರ್ತಿ ನರೆತಿತ್ತು. ಕೂರಿ ಎಂದ, ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ರೈತ ಆಚೆ ಹೋಗಲು ಎದ್ದ. ಇರಪ್ಪ, ನೀನೂ ಕೇಳು ಎಂದೆ.

ಮುನಿರತ್ನಂ ಕೈ ಒರೆಸಿಕೊಂಡ. “ಇರಬಹುದು ಅಂದ್ರಾ?”

“ಅಂದೆ.”

“ರಬ್ಬರ್ ಕೊಟ್ಟ ಮೇಲೆ?”

“ಕೊಟ್ಟ ಮೇಲೆ.”

“ನನ್ ಹೆಂಡ್ತಿ ಊರು ಬಿಡುವಾಗ ಅತ್ತಿದ್ಲು ಸಾರ್. ಹವಲ್ದಾರ್ ಸಾರ್ ಒಬ್ರಿಗೆ ನಿಜ ಗೊತ್ತು, ಅಷ್ಟು ಸಾಕು ಅಂತ ಸಮಾಧಾನ ಮಾಡಿದ್ದೆ. ಈಗ ಮನೆಗೋಗಿ ಏನಂತ ಹೇಳ್ಲಿ?”

 

ಅವನು ಚೀಲದಿಂದ ಟೆಸ್ಟ್ ಬಲ್ಬು ತೆಗೆದು ನನ್ನ ಕೈಗಿಟ್ಟ. “ಹಿಡ್ಕೊಳ್ಳಿ. ನಾನ್ ಕೀಲಿ ತಿರುಗಿಸ್ತೀನಿ. ಹತ್ತಿದ್ರೆ ಹತ್ತಿತು ಅನ್ನಿ, ಹತ್ತಲಿಲ್ಲ ಅಂದ್ರೆ ಇಲ್ಲ ಅನ್ನಿ. ಇರಬಹುದು ಅನ್ಬೇಡಿ.”

ಬ್ಯಾಟರಿಯ ಹತ್ತಿರ ಹಿಡಿದೆ. ಹತ್ತಿತು ಎಂದೆ. ಕೀಲಿಯ ಹಿಂದಿನ ವೈರಿಗೆ ಹಿಡಿದೆ. ಇಲ್ಲ ಎಂದೆ. ಅವನು ಸುಟ್ಟುಹೋಗಿದ್ದ ವೈರನ್ನು ಕತ್ತರಿಸಿ ಹೊಸದು ಜೋಡಿಸಿದ. ಮತ್ತೆ ಹಿಡಿದೆ. ಬಲ್ಬು ಬೆಳಗಿತು.

ಹತ್ತಿತು ಎಂದೆ.

ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ರೈತ ಕೈಮುಗಿದು ಹೊರಟ. ಮುನಿರತ್ನಂ ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಗಾಡಿಯ ಬಾನೆಟ್ ಎತ್ತಿದ. ನಾನು ಬಲ್ಬಿನ ವೈರನ್ನು ಒರೆಸಿ, ಸುತ್ತಿ, ಅದರ ಜಾಗದಲ್ಲಿಟ್ಟೆ.