ಯಾರ ದನಿಗೆ ಹಗ್ಗ ಬಿಟ್ಟಿತು?

“ರಾಣೀ, ಬಿಡ ಬೇ ಅದನ್ನ,” ಎಂದು ಯಾರೋ ಹಿಂದಿನಿಂದ ಕರೆದರು. ಅಷ್ಟು ಹೊತ್ತು ಕೊರಳ ಹಗ್ಗವನ್ನು ಕಚ್ಚಿ ಜಗ್ಗಾಡುತ್ತಿದ್ದ ನಮ್ಮ ನಾಯಿಮರಿ ತಟ್ಟನೆ ಬಾಯಿ ಸಡಿಲಿಸಿತು. ಬೆಳಗಿನ ವಾಕಿಂಗಿಗೆ ಹೊರಟಾಗಲೆಲ್ಲ ಅದರದು ಇದೇ ಹಟ. ಗದರಿಸಿದರೂ, ಬಿಸ್ಕತ್ತು ತೋರಿಸಿದರೂ ಹಗ್ಗ ಬಿಟ್ಟದ್ದಿಲ್ಲ. ಅದರ ಹೆಸರು ರಾಣಿಯೂ ಅಲ್ಲ.

ತಿರುಗಿ ನೋಡಿದರೆ, ಬನಹಟ್ಟಿಯ ಆ ಓಣಿಯಲ್ಲಿ, ಮಗ್ಗದ ಶೆಡ್ಡಿನ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸೊಬ್ಬರು ನಿಂತಿದ್ದರು. ಬೀದಿಯಲ್ಲಿ ಸಿಕ್ಕಿದ್ದ ಈ ಮರಿ ಅವರ ಮನೆಯಿಂದ ತಪ್ಪಿಸಿಕೊಂಡು ಬಂದದ್ದೇನೋ ಎಂದು ಅಳುಕಿದೆ. “ಇದು ನಿಮ್ಮದೇನ್ರೀ?” ಎಂದೆ.

“ಅಲ್ಲರೀ. ನಮ್ಮ ರಾಣಿ ಹ್ವಾದ ವಾರ ಸತ್ತು ಹೋತ್ರಿ. ಅದೂ ಹಿಂಗ ಹಗ್ಗ ಕಡೀತಿತ್ತು. ನೋಡಿದ ಕೂಡ್ಲೇ ಬಾಯಾಗ ಹೆಸರು ಬಂತು.” ಮರಿ ಬಾಲ ಆಡಿಸುತ್ತ ಅವರ ಕಾಲ ಬಳಿ ಹೋಯಿತು. ಅವರು ಅದನ್ನು ಮುಟ್ಟದೆ ಒಳಗೆ ನಡೆದುಬಿಟ್ಟರು.

ಮರುದಿನ ಅದು ಮತ್ತೆ ಹಗ್ಗ ಕಚ್ಚಿತು. ನಾನು ರಾಣಿ ಎಂದು ಕರೆದರೆ ಕಿವಿಗೊಡಲಿಲ್ಲ. ನಾನು ಜಗ್ಗುವುದನ್ನು ಬಿಟ್ಟು ಸುಮ್ಮನೆ ನಿಂತಾಗ ಅದೂ ಹಗ್ಗ ಬಿಟ್ಟಿತು. ಹಾಗಾದರೆ ಅಂದು ಬಿಟ್ಟದ್ದು ಅವರ ದನಿಗೋ, ತಿರುಗಿ ನೋಡುವ ಭರದಲ್ಲಿ ನನ್ನ ಕೈ ಸಡಿಲಾಗಿದ್ದಕ್ಕೋ ತಿಳಿಯದು. ಅವರು ಇನ್ನೊಮ್ಮೆ ಸಿಕ್ಕರೆ ಮರಿಯೊಂದಿಗೆ ನಿಲ್ಲಬೇಕೋ, ಬೇಗ ದಾಟಿ ಹೋಗಬೇಕೋ, ಅದೂ ತಿಳಿಯುತ್ತಿಲ್ಲ.