ಮಾನ್ಯ ಸದಸ್ಯರೂ ಅವ್ವನ ಮಗ್ಗುಲೂ

ಬೆಳಕೆಯಲ್ಲಿ ದಿವಾಕರನ ಮನೆಗೆ ಯಾರೂ ದಾರಿ ಕೇಳಬೇಕಾಗಿಲ್ಲ. ಗೇಟಿಗಿಂತ ಬೋರ್ಡು ದೊಡ್ಡದು: ‘ಶ್ರೀ ದಿವಾಕರ ನಾಯ್ಕ, ಮಾನ್ಯ ಸದಸ್ಯರು, ಹೊರದೇಶ ಉದ್ಯೋಗ ಸಲಹಾ ಸಮಿತಿ.’ ‘ಮಾನ್ಯ’ ಎಂಬುದನ್ನು ತನ್ನ ಹೆಸರಿಗೆ ತಾನೇ ಹಾಕಿಕೊಳ್ಳುವುದು ಚೆನ್ನಾಗಿರೋದಿಲ್ಲ ಎಂದು ಪೇಂಟರು ಮೆಲ್ಲಗೆ ಹೇಳಿ ನೋಡಿದ್ದ. ಆದರೆ ಪೇಂಟರೇನು ಸಮಿತಿಯಲ್ಲಿದ್ದನೇ?

ಹರೆಯವನ್ನೆಲ್ಲ ಕೊಲ್ಲಿ ದೇಶದ ಗೋದಾಮಿನಲ್ಲಿ ಸಿಮೆಂಟು ಚೀಲ ಎತ್ತಿಳಿಸಿ ಕಳೆದು, ಈಗ ಊರಲ್ಲಿ ಗದ್ದೆ, ತರಕಾರಿ ಎಂದುಕೊಂಡಿದ್ದ ದಿವಾಕರನನ್ನು ಸಮಿತಿಗೆ ಸೇರಿಸಿಕೊಂಡದ್ದು ‘ಅನುಭವಿ’ ಎಂಬ ಲೆಕ್ಕದಲ್ಲಿ. ಹೊರದೇಶಕ್ಕೆ ಹೋಗುವ ನಮ್ಮವರ ಯಾವ ಕೆಲಸವನ್ನು ಕುಶಲ ಕಸುಬು ಎಂದು ಎಣಿಸಬೇಕು ಎಂಬುದನ್ನು ನಾಲ್ಕು ಜನರನ್ನು ವಿಚಾರಿಸಿ ಸರಕಾರಕ್ಕೆ ಹೇಳುವುದು ಸಮಿತಿಯ ಕೆಲಸ. ಕೇಳುವುದು, ಬಿಡುವುದು ಸರಕಾರದ ಇಷ್ಟ. ಈ ಕೊನೆಯ ಮಾತನ್ನು ದಿವಾಕರ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಜಾಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಡತಿ ಗಾಯತ್ರಿಗೆ ಮಾತ್ರ ಗೊತ್ತಿತ್ತು. “ನಾ ಹೇಳಿದ್ದ ನೀವು ಕೇಳೂದಿಲ್ಲ, ನೀವು ಹೇಳಿದ್ದ ಸರಕಾರ ಕೇಳ್ತದ್ಯಾ? ಚಂದ!” ಎಂದು ನಗುತ್ತಿದ್ದಳು.

ಈ ಸಲ ಸಮಿತಿಯ ಮುಂದೆ ಬಂದದ್ದು ಹಾಸಿಗೆ ಹಿಡಿದ ಹಿರಿಯರ ಆರೈಕೆ. ಅದು ಕುಶಲ ಕಸುಬು ಎಂದಾದರೆ ಸರಕಾರವೇ ತರಬೇತಿ ಕೊಟ್ಟು, ಕರಾರು ಮಾಡಿಸಿ ಕಳಿಸೀತು. ಅಲ್ಲ ಎಂದಾದರೆ ಏಜೆಂಟರ ಹಿಂದೆ, ಮನೆಗೆಲಸದವರೆಂದು ಹೋಗಬೇಕು.

ಪಕ್ಕದ ಮನೆಯ ಅಂಕಿತಾ ಕುಮಟೆಯಲ್ಲಿ ಆರೈಕೆಯ ಕೋರ್ಸು ಮುಗಿಸಿ ಇದಕ್ಕೇ ಕಾದಿದ್ದಳು. “ಏಜೆಂಟನ ಸಂಗಡ ಅಪ್ಪ ಕಳ್ಸೂದಿಲ್ಲ, ದಿವಾಕರ ಮಾವ. ನೀವು ಒಂದ್ ಮಾತ್ ಹೇಳಿರೆ ಆತು.”

“ಆಳವಾದ ಅಧ್ಯಯನ ಆಗ್ಬೇಕು ತಂಗಿ,” ಎಂದ ದಿವಾಕರ.

ಅಧ್ಯಯನದ ಆಳ ಒಳಕೋಣೆಯಲ್ಲಿ ಮಲಗಿತ್ತು. ತಾಯಿ ಚೌಡಮ್ಮನಿಗೆ ಪಾರ್ಶ್ವವಾಯು ಬಡಿದಂದಿನಿಂದ ಅವಳನ್ನು ನೋಡಿಕೊಳ್ಳುತ್ತಿದ್ದವಳು ಇದೇ ಅಂಕಿತಾ. ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು. ಬೇರೆ ಯಾರು ಮುಟ್ಟಿದರೂ ಮುದುಕಿ ಮೈ ಬಿಗಿಹಿಡಿಯುತ್ತಾಳೆ. ಅಂಕಿತಾ ಮಾತ್ರ ಗದ್ದೆಯಲ್ಲಿ ಸಸಿ ನೆಡುವಾಗಿನ ಹಾಡು ಹಿಡಿಯುತ್ತಾಳೆ. ಆಯುಷ್ಯವಿಡೀ ಆ ಹಾಡಿಗೆ ಬಗ್ಗಿ ಎದ್ದ ಮೈ ಅದು. ಹಾಡು ತಿರುಗುವಲ್ಲಿ ತಾನೂ ಹಗುರಾಗಿ ತಿರುಗುತ್ತದೆ. ಈ ಹುಡುಗಿ ಹೊರಟುಹೋದರೆ ಗತಿಯೇನು?

ದಿವಾಕರ ಭಾಷಣ ಬರೆದುಕೊಂಡ: ‘ಆರೈಕೆ ಕಸುಬಲ್ಲ, ನಮ್ಮ ಸಂಸ್ಕೃತಿ. ಸಂಸ್ಕೃತಿಯನ್ನು ರಫ್ತು ಮಾಡಲಾಗದು.’ ಓದಿ ತಾನೇ ತಲೆದೂಗಿದ.

ಸಭೆ ಕುಮಟೆಯಲ್ಲಿ. ಅಂಕಿತಾಳನ್ನೂ ಮಾತಾಡಲು ಕರೆದಿದ್ದರಿಂದ ಅವಳು ಮೊದಲ ಬಸ್ಸಿಗೇ ಹೋಗಿದ್ದಳು. ಹೀಗಾಗಿ ಆ ಬೆಳಗಿನ ಮಗ್ಗುಲು ಮಾನ್ಯ ಸದಸ್ಯರ ಪಾಲಿಗೆ ಬಂತು.

“ಅವ್ವ, ತಯಾರಾ? ಒಂದ್, ಎರಡ್, ಮೂರ್…”

“ಅಯ್ಯಯ್ಯೋ! ನಾ ಎಂತ ಸಿಮೆಂಟ್ ಚೀಲನಾ?”

“ಮತ್ತೆ ಹೆಂಗೆ ಎತ್ತೂದು?”

“ಹಾಡು.”

“ನಂಗೆ ಬರೂದಿಲ್ಲ.”

“ಗದ್ದೆ ಅಂಚಿಗೆ ಕೂತು ಕೇಳ್ತಾ ಕೇಳ್ತಾ ದೊಡ್ಡಾದವ ನೀನು. ಭಾಷಣ ಬರ್ತದೆ, ಹಾಡು ಬರೂದಿಲ್ಲ!”

ದಿವಾಕರ ಗಂಟಲು ಸರಿಮಾಡಿಕೊಂಡು ಏನೋ ಹಾಡಿದ. ಮುದುಕಿಯ ಮೈ ಇನ್ನಷ್ಟು ಬಿಗಿಯಾಯಿತು. ಗಾಯತ್ರಿ ಗಂಜಿಯ ಸೌಟು ಹಿಡಿದೇ ಓಡಿಬಂದಳು. ಇಬ್ಬರೂ ಸೇರಿ ಒದ್ದಾಡಿದ ಮೇಲೆ ಚೌಡಮ್ಮ ಅರ್ಧ ಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಉಳಿದಳು. “ಹೋಗು ಮಾರಾಯ, ಮೀಟಿಂಗಿಗೆ ಹೊತ್ತಾತು,” ಎಂದಳು ಗೋಡೆಗೆ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದಿದ್ದನ್ನು ದಿವಾಕರ ನೋಡಿದ.

ಸಮಿತಿಯ ಅಧ್ಯಕ್ಷೆ ಸುಚಿತಾ ಮೇಡಂ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರತಿ ಸಭೆಯನ್ನೂ ಒಂದೇ ಪ್ರಶ್ನೆಯಿಂದ ಶುರುಮಾಡುತ್ತಿದ್ದರು: “ಇವತ್ತಿನ ವಿಷಯದಲ್ಲಿ ಯಾರಿಗಾದರೂ ಸ್ವಂತ ಲಾಭ, ನಷ್ಟ ಇದೆಯೇ?” ಎಲ್ಲರೂ ಇಲ್ಲವೆಂದು ತಲೆಯಾಡಿಸಿ ಚಹಾಕ್ಕೆ ಕೈಚಾಚುವುದು ರೂಢಿ. ಅಂದು ದಿವಾಕರನ ತಲೆ ಅರ್ಧ ಆಡಿ ನಿಂತಿತು. ಎದುರಿನ ಬೆಂಚಿನಲ್ಲಿ ಅಂಕಿತಾ ಕೂತಿದ್ದಳು.

“ನಂಗೆ ಇದೆ ಮೇಡಂ. ಈ ಹುಡುಗಿ ಹೋದ್ರೆ ನಮ್ಮ ಅವ್ವನ್ನ ನೋಡುಕೆ ಜನ ಇಲ್ಲ. ಅದ್ಕೇ ‘ಬೇಡ’ ಅಂತ ಬರ್ಕಂಡು ಬಂದಿದ್ದೆ.”

“ಹಾಗಾದರೆ ಇವತ್ತು ನೀವು ತೀರ್ಮಾನಕ್ಕೆ ಕೂರುವಂತಿಲ್ಲ,” ಎಂದರು ಮೇಡಂ. “ಬೇಕಿದ್ದರೆ ಆ ಕಡೆ ಕೂತು, ಕಂಡದ್ದನ್ನು ಹೇಳಬಹುದು.”

ದಿವಾಕರ ಎದ್ದ. ಅವನ ಹೆಸರಿನ ಫಲಕ ಮೇಜಿನ ಮೇಲೆಯೇ ಉಳಿಯಿತು, ಚಹಾವೂ. ಅಂಕಿತಾ ಸರಿದು ಬೆಂಚಿನಲ್ಲಿ ಜಾಗ ಕೊಟ್ಟಳು.

ಬೆಳಗಿನ ಕಥೆಯನ್ನು ಅವನು ಸಿಮೆಂಟು ಚೀಲ ಸಮೇತ ಹೇಳಿದ. ಸದಸ್ಯರೊಬ್ಬರು, “ಮನೆಯವರೇ ಮಾಡುವ ಕೆಲಸಕ್ಕೆ ತರಬೇತಿ ಏನು?” ಎಂದರು.

“ನಾ ಮನೆಯವನೇ ಸ್ವಾಮೀ,” ಎಂದ ದಿವಾಕರ. “ಅವ್ವ ಇನ್ನೂ ಗೋಡೆ ನೋಡ್ತಾ ಇರಬೋದು.”

“ಕಳಿಸೂದೇ ಹೌದಾದ್ರೆ,” ಎಂದು ಕೂರುವ ಮುನ್ನ ಸೇರಿಸಿದ, “ಉಳಿದವರಿಗೂ ಒಂಚೂರು ಕಲಿಸಿ ಮೇಡಂ.”

ಆರೈಕೆಯನ್ನು ಕುಶಲ ಕಸುಬಿನ ಪಟ್ಟಿಗೆ ಸೇರಿಸಬೇಕು, ಊರಲ್ಲಿ ಉಳಿಯುವವರಿಗೂ ಅದನ್ನು ಕಲಿಸಬೇಕು ಎಂದು ಸಮಿತಿ ಸರಕಾರಕ್ಕೆ ಬರೆಯಿತು. ಅಂದು ಸಂಜೆ ಬಸ್ಸು ಹೊನ್ನಾವರದ ಸೇತುವೆ ದಾಟುವಾಗ ದಿವಾಕರ, “ಆ ಹಾಡಿನ ಮೊದಲ ಸಾಲು ಹೇಳ್ಕೊಡೆ ತಂಗಿ,” ಎಂದ. ಅವನು ಹೇಳಿಸಿಕೊಂಡು ಹಾಡಿದ್ದನ್ನು ಕೇಳಿ ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಮಳೆಗಾಲ ಕಳೆದ ಮೇಲೆ ಸರಕಾರ ಮೊದಲ ಸಲಹೆಯನ್ನು ಒಪ್ಪಿತು. ಎರಡನೆಯದಕ್ಕೆ ಆಳವಾದ ಅಧ್ಯಯನ ಆಗಬೇಕು ಎಂದಿತು. ಅಂಕಿತಾಗೆ ತರಬೇತಿಗೆ ಕರೆ ಬಂತು. ಹುಡುಗಿ ಚೀಲ ಕಟ್ಟಿಟ್ಟಳು, ಆದರೆ ಹೊರಡಲಿಲ್ಲ. ದಿನವೂ ಬಂದು ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದಳು, ದಿವಾಕರ ಹಾಡುತ್ತಿದ್ದ, ಚೌಡಮ್ಮ ಬೈಯುತ್ತಿದ್ದಳು.

ಒಂದು ಬೆಳಗ್ಗೆ ಹಾಡು ತಿರುಗಿತು. ಜೊತೆಗೆ ಮುದುಕಿಯೂ.

“ರಾಗ ಇಲ್ಲ, ಎಂತ ಇಲ್ಲ,” ಎಂದಳು ಚೌಡಮ್ಮ, ಈಗ ಬಾಗಿಲಲ್ಲಿದ್ದ ಅಂಕಿತಾಳತ್ತ ಮುಖ ಮಾಡಿ. “ಆದ್ರೂ ಆತು. ನೀ ಇನ್ನು ಹೊರಡು ಮಗಾ.”